ಎರಡು ಗುಂಡು, ಮೂರು ಸ್ಪ್ರಿಂಗ್: ನಡುವಿನ ಸ್ಪ್ರಿಂಗಿಗೆ ಪ್ಲಸ್ ಯಾವಾಗ, ಮೈನಸ್ ಯಾವಾಗ?

ನೀರ್ಚಾಲು_ನೋಟ್‌ಬುಕ್ · ಶುಕ್ರವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ. ಫಿಸಿಕ್ಸ್ ಮೊದಲ ವರ್ಷದಲ್ಲಿದ್ದೇನೆ. ಹತ್ತನೆಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಒಂದು ಸ್ಪ್ರಿಂಗ್, ಒಂದು ಗುಂಡು ಇದ್ದರೆ ಲೆಕ್ಕ ಕಣ್ಣು ಮುಚ್ಚಿ ಮಾಡ್ತೇನೆ. ಎರಡು ಗುಂಡು ಬಂದ ಕೂಡಲೇ ಕೈ ನಿಂತುಹೋಗ್ತದೆ.

ಲೆಕ್ಕ ಹೀಗಿದೆ. ಎರಡು ಗೋಡೆ, ನಡುವೆ ನುಣುಪಾದ ಮೇಜು, ಮೇಜಿನ ಮೇಲೆ ಎರಡು ಗುಂಡು. ಎಡಗೋಡೆಗೂ ಮೊದಲ ಗುಂಡಿಗೂ ಒಂದು ಸ್ಪ್ರಿಂಗ್, ಗುಂಡುಗಳ ನಡುವೆ ಒಂದು ಸ್ಪ್ರಿಂಗ್, ಎರಡನೆಯ ಗುಂಡಿಗೂ ಬಲಗೋಡೆಗೂ ಒಂದು ಸ್ಪ್ರಿಂಗ್. ಚಲನೆಯ ಸಮೀಕರಣ ಬರೆಯಬೇಕು. ಸ್ಪ್ರಿಂಗಿನ ಬಲ ಯಾವಾಗಲೂ ಸ್ಥಾನಪಲ್ಲಟಕ್ಕೆ ವಿರುದ್ಧ ಎಂದು ಕಲಿತಿದ್ದೇವಲ್ಲ, ಹಾಗಾಗಿ ನಡುವಿನ ಸ್ಪ್ರಿಂಗಿಗೆ ಎರಡೂ ಸಮೀಕರಣದಲ್ಲಿ ಮೈನಸ್ ಹಾಕಿದೆ. ಪುಸ್ತಕದಲ್ಲಿ ಒಂದು ಕಡೆ ಪ್ಲಸ್, ಒಂದು ಕಡೆ ಮೈನಸ್ ಉಂಟು. ಕ್ಲಾಸಿನಲ್ಲಿ ಹತ್ತು ನಿಮಿಷದೊಳಗೆ ಬೋರ್ಡ್ ತುಂಬಿ, ಅಳಿಸಿಯೂ ಆಯಿತು. ಪಕ್ಕದಲ್ಲಿ ಕೂತ ಗೆಳತಿ ಮಲಯಾಳದಲ್ಲಿ ತ್ವರಣಂ ಅಂತಾಳೆ, ನಾನು ವೇಗೋತ್ಕರ್ಷ ಅಂತೇನೆ, ಬೋರ್ಡಿನಲ್ಲಿ ಇಂಗ್ಲಿಷ್. ಮೂರೂ ಒಂದೇ ಎಂದು ಗೊತ್ತಾಗುವಷ್ಟರಲ್ಲಿ ಮುಂದಿನ ಸಾಲು ಬಂದಿರ್ತದೆ.

ಚಿಹ್ನೆಯನ್ನು ಬಾಯಿಪಾಠ ಮಾಡಬಹುದು, ಆದರೆ ಮೂರು ಗುಂಡು ಕೊಟ್ಟರೆ ಎಂತ ಮಾಡುವುದು? ದಯವಿಟ್ಟು ಮೊದಲಿನಿಂದ ಹೇಳಿಕೊಡಿ.

ಮಧೂರು_ಮಾಷ್ಟ್ರು · ಶುಕ್ರವಾರ ರಾತ್ರಿ 10:05

ಮಗಳೇ, ಬಾಯಿಪಾಠ ಬೇಡ. ನಿನ್ನ ತಪ್ಪು ಇರುವುದು ಒಂದೇ ಒಂದು ವಾಕ್ಯದಲ್ಲಿ. "ಸ್ಪ್ರಿಂಗಿನ ಬಲ ಯಾವಾಗಲೂ ಸ್ಥಾನಪಲ್ಲಟಕ್ಕೆ ವಿರುದ್ಧ" ಎಂದು ಬರೆದೆಯಲ್ಲ, ಅದು ಯಾವಾಗಲೂ ಅಲ್ಲ. ಸ್ಪ್ರಿಂಗಿನ ಇನ್ನೊಂದು ತುದಿ ಗೋಡೆಯಲ್ಲಿ ಗಟ್ಟಿಯಾಗಿ ಕೂತಿದ್ದರೆ ಮಾತ್ರ. ಸ್ಪ್ರಿಂಗಿಗೆ ಗುಂಡು ಎಲ್ಲಿದೆ ಎಂಬುದು ಗೊತ್ತಿಲ್ಲ. ತಾನು ಎಷ್ಟು ಹಿಗ್ಗಿದ್ದೇನೆ ಎಂಬುದು ಮಾತ್ರ ಗೊತ್ತು. ರಾಬರ್ಟ್ ಹುಕ್ ಈ ನಿಯಮವನ್ನು 1676ರಲ್ಲಿ ಅಕ್ಷರ ಚೆಲ್ಲಾಪಿಲ್ಲಿ ಮಾಡಿದ ಒಗಟಿನಂತೆ ಪ್ರಕಟಿಸಿ, 1678ರಲ್ಲಿ ಬಿಡಿಸಿ ಹೇಳಿದ. ಆ ಲ್ಯಾಟಿನ್ ಮಾತಿನ ಅರ್ಥ ಇಷ್ಟೇ: ಹಿಗ್ಗು ಎಷ್ಟೋ ಬಲ ಅಷ್ಟು. ಗುಂಡಿನ ಸುದ್ದಿಯೇ ಅದರಲ್ಲಿಲ್ಲ.

ಈಗ ಅಕ್ಷರಗಳನ್ನು ನಮ್ಮದೇ ಇಟ್ಟುಕೊಳ್ಳೋಣ, ಮೊಬೈಲಿನಲ್ಲಿ ಟೈಪ್ ಮಾಡುವುದಕ್ಕೂ ಸುಲಭ. ಎಡಗುಂಡು ತನ್ನ ನಿಂತ ಜಾಗದಿಂದ ಬಲಕ್ಕೆ ಸರಿದ ದೂರ ಎ. ಬಲಗುಂಡು ತನ್ನ ಜಾಗದಿಂದ ಬಲಕ್ಕೆ ಸರಿದ ದೂರ ಬ. ಎರಡಕ್ಕೂ ಬಲದಿಕ್ಕೇ ಪ್ಲಸ್. ಇದನ್ನು ನಡುವೆ ಎಲ್ಲಿಯೂ ಬದಲಿಸಬಾರದು. ಗುಂಡಿನ ರಾಶಿ ರ, ಎರಡಕ್ಕೂ ಒಂದೇ. ಗೋಡೆ ಕಡೆಯ ಸ್ಪ್ರಿಂಗುಗಳ ಬಿಗಿತ ಕ, ನಡುವಿನ ಜೋಡಣೆಯ ಸ್ಪ್ರಿಂಗಿನ ಬಿಗಿತ ಜ. ವೇಗೋತ್ಕರ್ಷಕ್ಕೆ ಅಕ್ಷರದ ನೆತ್ತಿಯ ಮೇಲೆ ಎರಡು ಗೀಟು: ಎ″, ಬ″.

ಅಂಕಿ ಹಾಕಿ ನೋಡು. ಎಡಗುಂಡು 3 ಸೆಂ.ಮೀ. ಬಲಕ್ಕೆ ಹೋಯಿತು, ಬಲಗುಂಡು 5 ಸೆಂ.ಮೀ. ಬಲಕ್ಕೆ ಹೋಯಿತು. ನಡುವಿನ ಸ್ಪ್ರಿಂಗ್ ಎಷ್ಟು ಹಿಗ್ಗಿತು? 2 ಸೆಂ.ಮೀ., ಅಂದರೆ ಬ − ಎ. ಹಿಗ್ಗಿದ ಸ್ಪ್ರಿಂಗಿಗೆ ಕುಗ್ಗುವ ಆಸೆ. ಅದು ಎರಡೂ ತುದಿಯನ್ನು ತನ್ನ ಹೊಟ್ಟೆಯ ಕಡೆಗೆ ಎಳೆಯುತ್ತದೆ. ಎಡಗುಂಡಿಗೆ ಸ್ಪ್ರಿಂಗಿನ ಹೊಟ್ಟೆ ಬಲಗಡೆಗೆ, ಆದ್ದರಿಂದ +ಜ·(ಬ − ಎ). ಬಲಗುಂಡಿಗೆ ಹೊಟ್ಟೆ ಎಡಗಡೆಗೆ, ಆದ್ದರಿಂದ −ಜ·(ಬ − ಎ). ಇಲ್ಲಿ ಎಡಗುಂಡು ಬಲಕ್ಕೆ ಸರಿದಿದೆ, ನಡುವಿನ ಸ್ಪ್ರಿಂಗ್ ಅದನ್ನು ಇನ್ನೂ ಬಲಕ್ಕೇ ಎಳೆಯುತ್ತಿದೆ. ಸ್ಥಾನಪಲ್ಲಟಕ್ಕೆ ವಿರುದ್ಧ ಅಲ್ಲವೇ ಅಲ್ಲ.

ಎ = 5, ಬ = 2 ಆದರೆ? ಹಿಗ್ಗು −3, ಅಂದರೆ ಸ್ಪ್ರಿಂಗ್ ಕುಗ್ಗಿದೆ, ಎಡಗುಂಡನ್ನು ಎಡಕ್ಕೆ ತಳ್ಳಬೇಕು. +ಜ·(−3) ತಾನೇ ಎಡಕ್ಕೆ ಬಂತು. ಸೂತ್ರ ಬದಲಿಸುವ ಅಗತ್ಯವೇ ಇಲ್ಲ.

ಹಾಗಾಗಿ ಪ್ರತಿ ಸ್ಪ್ರಿಂಗಿಗೂ ಎರಡೇ ಪ್ರಶ್ನೆ ಕೇಳು. ಎಷ್ಟು ಹಿಗ್ಗಿತು? ಈ ಗುಂಡಿನಿಂದ ನೋಡಿದರೆ ಅದರ ಹೊಟ್ಟೆ ಯಾವ ಕಡೆಗೆ? ಬಲಗೋಡೆಯ ಸ್ಪ್ರಿಂಗನ್ನು ನೀನೇ ಮಾಡಿ ಹಾಕು, ನಾಳೆ ನೋಡುತ್ತೇನೆ.

ನೀರ್ಚಾಲು_ನೋಟ್‌ಬುಕ್ · ಶುಕ್ರವಾರ ರಾತ್ರಿ 10:48

ಮಾಷ್ಟ್ರೇ, ನಾಳೆಯವರೆಗೆ ಕಾಯಲು ಆಗಲಿಲ್ಲ. ಬಲಗುಂಡು ಬಲಕ್ಕೆ ಹೋದರೆ ಬಲಗೋಡೆಯ ಸ್ಪ್ರಿಂಗ್ ಕುಗ್ತದೆ. ಹಿಗ್ಗು = −ಬ. ಗುಂಡಿನಿಂದ ಹೊಟ್ಟೆ ಬಲಗಡೆಗೆ, ಆದ್ದರಿಂದ ಬಲ +ಕ·(−ಬ), ಅಂದರೆ −ಕ·ಬ. ಎಡಗೋಡೆಯದ್ದು ಹಿಗ್ಗು ಎ, ಹೊಟ್ಟೆ ಎಡಗಡೆಗೆ, ಬಲ −ಕ·ಎ. ಒಟ್ಟು ಸೇರಿಸಿದರೆ:

ರ·ಎ″ = −ಕ·ಎ + ಜ·(ಬ − ಎ)
ರ·ಬ″ = −ಕ·ಬ − ಜ·(ಬ − ಎ)

ಪುಸ್ತಕದಲ್ಲಿ ಇರುವುದೂ ಇದೇ! ಇಷ್ಟು ದಿನ ಇದನ್ನು ನೋಡಿ ನೋಡಿ ಬರೆದಿದ್ದೆ, ಈಗ ನಾನೇ ಬರೆದೆ.

ಆದರೆ ಒಂದು ಸಂಶಯ. ಗುಂಡು ನಿಂತಿರುವಾಗಲೇ ಮೂರೂ ಸ್ಪ್ರಿಂಗ್ ಸ್ವಲ್ಪ ಎಳೆದುಕೊಂಡಿದ್ದರೆ? ಲ್ಯಾಬಿನಲ್ಲಿ ಹಾಗೆಯೇ ಕಟ್ಟಿರ್ತಾರೆ, ಇಲ್ಲದಿದ್ದರೆ ಸಡಿಲವಾಗಿ ಜೋತು ಬೀಳ್ತದೆ.

ಪೆರಿಯ_ಹಾಸ್ಟೆಲ್ · ಶನಿವಾರ ಬೆಳಿಗ್ಗೆ 7:30

ತುಂಬಾ ಒಳ್ಳೆಯ ಸಂಶಯ ತಂಗಿ. ನಾನು ಎಂ.ಎಸ್ಸಿ. ಓದುತ್ತಿದ್ದೇನೆ, ನನಗೂ ಎರಡನೇ ವರ್ಷದವರೆಗೆ ಇದು ಕಾಡಿತ್ತು.

ನಿಂತಾಗ ಎಡಸ್ಪ್ರಿಂಗ್ ಎಡಗುಂಡನ್ನು 4 ನ್ಯೂಟನ್ ಬಲದಿಂದ ಎಡಕ್ಕೆ ಎಳೆಯುತ್ತಿದೆ ಅಂತಿಟ್ಟುಕೊ. ಗುಂಡು ಅಲುಗದೆ ನಿಂತಿದೆಯಾದರೆ ನಡುವಿನದ್ದು ಅದನ್ನು 4 ನ್ಯೂಟನ್ ಬಲಕ್ಕೆ ಎಳೆಯುತ್ತಿರಲೇಬೇಕು. ಗುಂಡು ಸರಿದ ಮೇಲೂ ಈ ಎರಡು ನಾಲ್ಕುಗಳು ಸಮೀಕರಣದಲ್ಲಿ ಹಾಗೆಯೇ ಇರುತ್ತವೆ, ಒಂದನ್ನೊಂದು ಹೊಡೆದು ಹಾಕುತ್ತವೆ. ಉಳಿಯುವುದು ಹೆಚ್ಚುವರಿ ಹಿಗ್ಗು ಮಾತ್ರ. ಹಾಗಾಗಿಯೇ ಸ್ಥಾನಪಲ್ಲಟವನ್ನು ನಿಂತ ಜಾಗದಿಂದ ಅಳೆಯುವುದು. ಗುಂಡುಗಳನ್ನು ಮೇಲಿನಿಂದ ನೇತುಹಾಕಿದರೆ ಗುರುತ್ವವೂ ಇದೇ ರೀತಿ ಮಾಯವಾಗುತ್ತದೆ.

ಬರೆದದ್ದು ಸರಿಯೋ ಎಂದು ಪರೀಕ್ಷಿಸುವ ದಾರಿಯನ್ನೂ ಹೇಳುತ್ತೇನೆ, ಪರೀಕ್ಷೆಯ ಹಾಲಿನಲ್ಲಿ ಅರ್ಧ ನಿಮಿಷ ಸಾಕು. ಎ = ಬ ಎಂದು ಹಾಕಿ ನೋಡು. ಎರಡು ಗುಂಡೂ ಜೊತೆಯಲ್ಲಿ ಸರಿದರೆ ನಡುವಿನ ಸ್ಪ್ರಿಂಗಿಗೆ ಏನೂ ಆಗುವುದಿಲ್ಲ, ಜ ಇರುವ ಪದ ಸೊನ್ನೆ ಆಗಲೇಬೇಕು. ಆಮೇಲೆ ಬ = 0 ಎಂದು ಹಿಡಿದು ಎಡಗುಂಡನ್ನು ಮಾತ್ರ ಸರಿಸು; −(ಕ + ಜ)·ಎ ಬರಬೇಕು, ಎರಡು ಸ್ಪ್ರಿಂಗೂ ಸೇರಿ ಹಿಂದಕ್ಕೆ ತರಬೇಕು. ಕೊನೆಗೆ, ಮೊದಲ ಸಾಲಿನಲ್ಲಿ ಬ ಮುಂದೆ ಇರುವ ಅಂಕಿಯೂ ಎರಡನೆಯ ಸಾಲಿನಲ್ಲಿ ಎ ಮುಂದೆ ಇರುವ ಅಂಕಿಯೂ ಒಂದೇ ಇರಬೇಕು. ಇಲ್ಲಿ ಎರಡೂ +ಜ. ಅದು ನ್ಯೂಟನ್ನನ ಮೂರನೆಯ ನಿಯಮ. ಮುಂದೆ ಮ್ಯಾಟ್ರಿಕ್ಸ್ ಬರೆಯುವಾಗ ಅದು ಸಮ್ಮಿತ ಎಂದು ಹೇಳುವುದು ಇದಕ್ಕೇ. ನೀನು ಮೊದಲು ಬರೆದಿದ್ದ ಎರಡು ಮೈನಸ್‌ಗಳ ಸಮೀಕರಣ ಮೊದಲ ಪರೀಕ್ಷೆಯಲ್ಲಿ ಪಾಸಾಗಿ ಈ ಕೊನೆಯದರಲ್ಲಿ ಬೀಳುತ್ತದೆ, ಮಾಡಿ ನೋಡು.

ಉಪ್ಪಳ_ವರ್ಕ್‌ಶಾಪ್ · ಶನಿವಾರ ಬೆಳಿಗ್ಗೆ 9:20

ನಾನು ಕಾಲೇಜು ಕಂಡವನಲ್ಲ, ಐ.ಟಿ.ಐ. ಮುಗಿಸಿ ಇಪ್ಪತ್ತು ವರ್ಷದಿಂದ ಗಾಡಿ ರಿಪೇರಿ. ಆದರೂ ಈ ಲೆಕ್ಕ ನನ್ನ ಕೆಲಸದ ಹತ್ತಿರ ಉಂಟು ಅನ್ನಿಸಿ ಬರೆಯುತ್ತಿದ್ದೇನೆ. ಕಾರಿನ ಒಂದು ಮೂಲೆ ನೋಡಿ. ರಸ್ತೆಯ ಮೇಲೆ ಟಯರು, ಅದೇ ಒಂದು ಸ್ಪ್ರಿಂಗ್. ಅದರ ಮೇಲೆ ಚಕ್ರ ಮತ್ತು ಆಕ್ಸಲ್, ಒಂದು ಗುಂಡು. ಅದರ ಮೇಲೆ ಕಾಯಿಲ್ ಸ್ಪ್ರಿಂಗ್. ಅದರ ಮೇಲೆ ಬಾಡಿ, ಇನ್ನೊಂದು ಗುಂಡು. ಬಾಡಿ ನಿಧಾನಕ್ಕೆ ತೂಗುವುದು ಬೇರೆ, ಚಕ್ರ ಪಟಪಟ ಕುಣಿಯುವುದು ಬೇರೆ. ಶಾಕ್ ಅಬ್ಸಾರ್ಬರ್ ಹೋದ ಗಾಡಿಯನ್ನು ತಲಪಾಡಿ ಕಡೆಗೆ ಓಡಿಸಿ ತಂದವರು ಎರಡು ರೀತಿಯ ಕಂಪನವನ್ನೂ ನನಗೆ ಬಾಯಲ್ಲಿ ಹೇಳ್ತಾರೆ. ಆ ಎರಡು ಈ ಸಮೀಕರಣದಲ್ಲಿ ಎಲ್ಲಿ ಉಂಟು?

ಮಧೂರು_ಮಾಷ್ಟ್ರು · ಶನಿವಾರ ಬೆಳಿಗ್ಗೆ 11:00

ನೀವು ಹೇಳಿದ ಎರಡು ಕಂಪನಗಳೇ ಈ ಅಧ್ಯಾಯದ ಜೀವ. ಅವಕ್ಕೆ ನಾರ್ಮಲ್ ಮೋಡ್ ಎನ್ನುತ್ತಾರೆ, ಅಂದರೆ ಎಲ್ಲ ಗುಂಡುಗಳೂ ಒಂದೇ ಆವೃತ್ತಿಯಲ್ಲಿ ಆಡುವ ಕಂಪನ. ಸಾಮಾನ್ಯವಾಗಿ ಕಾರಿನ ಬಾಡಿ ಸೆಕೆಂಡಿಗೆ ಒಂದು, ಒಂದೂವರೆ ಸಲ ತೂಗುತ್ತದೆ. ಚಕ್ರ ಹತ್ತು ಸಲಕ್ಕಿಂತಲೂ ಹೆಚ್ಚು ಕುಣಿಯುತ್ತದೆ.

ಹುಡುಗಿಯ ಲೆಕ್ಕದಲ್ಲಿ ಗುಂಡುಗಳು ಸಮ, ಗೋಡೆ ಸ್ಪ್ರಿಂಗುಗಳೂ ಸಮ. ಹಾಗಾಗಿ ದಾರಿ ಬಹಳ ಹತ್ತಿರ. ಎರಡು ಸಮೀಕರಣವನ್ನೂ ಕೂಡಿಸು. ನಡುವಿನ ಪದಗಳು ಹೊಡೆದುಹೋಗುತ್ತವೆ. ಎ + ಬ ಎಂಬುದನ್ನು ಸ ಎಂದು ಕರೆದರೆ:

ರ·ಸ″ = −ಕ·ಸ

ಈಗ ಎರಡನೆಯದರಿಂದ ಮೊದಲನೆಯದನ್ನು ಕಳೆ. ಬ − ಎ ಎಂಬುದು ವ:

ರ·ವ″ = −(ಕ + 2ಜ)·ವ

ನೋಡು, ಒಂದಕ್ಕೊಂದು ಸಿಕ್ಕಿಕೊಂಡಿದ್ದ ಎರಡು ಸಮೀಕರಣ ಬಿಡಿಸಿಕೊಂಡು ಎರಡು ಒಂಟಿ ಸ್ಪ್ರಿಂಗಿನ ಲೆಕ್ಕ ಆಯಿತು. ನಿನಗೆ ಕಣ್ಣು ಮುಚ್ಚಿ ಬರುವ ಲೆಕ್ಕ! ಮೊದಲ ಮೋಡಿನಲ್ಲಿ ಗುಂಡುಗಳು ಜೊತೆಜೊತೆಗೆ ಹೋಗಿ ಬರುತ್ತವೆ, ಒಮೆಗಾ² = ಕ/ರ (ಒಮೆಗಾ ಅಂದರೆ ಸೆಕೆಂಡಿಗೆ ಎಷ್ಟು ಸಲ ಎಂಬುದನ್ನು 2π ಯಿಂದ ಗುಣಿಸಿದ್ದು). ಎರಡನೆಯದರಲ್ಲಿ ಎದುರುಬದುರು, ಒಮೆಗಾ² = (ಕ + 2ಜ)/ರ.

ನೀರ್ಚಾಲು_ನೋಟ್‌ಬುಕ್ · ಶನಿವಾರ ಮಧ್ಯಾಹ್ನ 2:15

ಕಳೆದು ನೋಡಿದೆ, ಬಂತು. ಆದರೆ ಆ 2 ನನ್ನನ್ನು ಬಿಡುವುದಿಲ್ಲ. ನಡುವೆ ಇರುವುದು ಒಂದೇ ಸ್ಪ್ರಿಂಗ್ ಅಲ್ಲವಾ? ಗಣಿತದಲ್ಲಿ ಬಂತು ಎಂಬುದು ಸರಿ. ಗುಂಡಿನ ಹತ್ತಿರ ಹೋಗಿ ನಿಂತರೆ ಎರಡು ಪಾಲು ಬಿಗಿತ ಹೇಗೆ ಕಾಣ್ತದೆ?

ಉಪ್ಪಳ_ವರ್ಕ್‌ಶಾಪ್ · ಶನಿವಾರ ಮಧ್ಯಾಹ್ನ 3:02

ಇದಕ್ಕೆ ನಾನು ಉತ್ತರ ಹೇಳುತ್ತೇನೆ, ತಪ್ಪಿದ್ದರೆ ಮಾಷ್ಟ್ರು ತಿದ್ದಲಿ. ಗಾಡಿ ತಗ್ಗಿಸಬೇಕು ಎಂದು ಹುಡುಗರು ಬಂದು ಕಾಯಿಲ್ ಸ್ಪ್ರಿಂಗ್ ಕತ್ತರಿಸಿ ಕೊಡಿ ಅಂತಾರೆ. ನಾನು ಮಾಡಿಕೊಡುವುದಿಲ್ಲ, ಅಪಾಯ. ಬೇರೆ ಕಡೆ ಕತ್ತರಿಸಿಕೊಂಡು ಬಂದದ್ದನ್ನು ನೋಡಿದ್ದೇನೆ. ಸ್ಪ್ರಿಂಗ್ ಗಿಡ್ಡ ಆದಷ್ಟೂ ಗಟ್ಟಿ ಆಗ್ತದೆ. ಹತ್ತು ಸುತ್ತು ಇದ್ದದ್ದನ್ನು ಐದು ಸುತ್ತು ಮಾಡಿದರೆ ಬಿಗಿತ ಎರಡು ಪಾಲು. ಎಂತಕ್ಕೆ ಅಂದರೆ ಅದೇ ಭಾರವನ್ನು ತಡೆಯುವಾಗ ಪ್ರತಿ ಸುತ್ತೂ ಬಾಗುವುದು ಅಷ್ಟೇ, ಸುತ್ತು ಅರ್ಧ ಇರುವುದರಿಂದ ಒಟ್ಟು ಕುಗ್ಗುವುದೂ ಅರ್ಧ.

ಈಗ ಎದುರುಬದುರು ಆಡುವಾಗ ನಡುವಿನ ಸ್ಪ್ರಿಂಗಿನ ಸರಿಮಧ್ಯದ ಸುತ್ತು ಅಲ್ಲಾಡುವುದೇ ಇಲ್ಲ. ಅಲ್ಲಿ ಒಂದು ಮೊಳೆ ಹೊಡೆದು ಗೋಡೆ ಕಟ್ಟಿದರೂ ವ್ಯತ್ಯಾಸ ಆಗದು. ಹಾಗಾದರೆ ಪ್ರತಿ ಗುಂಡಿಗೆ ಸಿಕ್ಕಿದ್ದು ಅರ್ಧ ಸ್ಪ್ರಿಂಗ್, ಬಿಗಿತ 2ಜ.

ಮಧೂರು_ಮಾಷ್ಟ್ರು · ಶನಿವಾರ ಮಧ್ಯಾಹ್ನ 3:20

ತಿದ್ದಲು ಏನೂ ಇಲ್ಲ. ಮೂವತ್ತು ವರ್ಷ ಪಾಠ ಮಾಡಿದೆ, ಇಷ್ಟು ಚೊಕ್ಕವಾಗಿ ಈ ಎರಡನ್ನು ನಾನು ಮಕ್ಕಳಿಗೆ ಹೇಳಿರಲಿಲ್ಲ. ನಿಮ್ಮ ಮೊಳೆಯ ಮಾತನ್ನು ಇನ್ನು ನಾನೂ ಹೇಳುತ್ತೇನೆ.

ಪೆರ್ಲದ_ತೋಟ · ಶನಿವಾರ ಸಂಜೆ 6:40

ಅಡಿಕೆ ಕೊಯ್ಯುವವರು ಒಂದು ಮರದಿಂದ ಇಳಿಯದೆ ಪಕ್ಕದ ಮರಕ್ಕೆ ದಾಟುವುದನ್ನು ನೋಡಿ ಬೆಳೆದವನು ನಾನು. ಮರದ ತಲೆಯಲ್ಲಿ ಕೂತು ಮೈಯನ್ನು ಹಿಂದೆ ಮುಂದೆ ಮಾಡಿ ಮರವನ್ನು ತೂಗಿಸುತ್ತಾರೆ. ಮೊದಲು ಒಂದು ಗೇಣು, ಆಮೇಲೆ ಒಂದು ಮೊಳ, ಆಮೇಲೆ ಪಕ್ಕದ ಮರ ಕೈಗೆ. ಈಗ ಕಾರ್ಬನ್ ಫೈಬರ್ ದೋಟಿ ಬಂದು ಮದ್ದು ಬಿಡುವುದೂ ಕೊಯ್ಯುವುದೂ ನೆಲದಿಂದಲೇ ನಡೆಯುತ್ತದೆ. ಮರ ಹತ್ತಿ ದಾಟುವ ವಿದ್ಯೆ ಇನ್ನು ಹೆಚ್ಚು ದಿನ ಇರಲಾರದು, ಅದನ್ನು ನೆನೆಯುವಾಗ ನನಗೆ ಸಂಕಟವಾಗುತ್ತದೆ.

ನನ್ನ ಪ್ರಶ್ನೆ: ಎರಡು ಮರದ ತಲೆಗೆ ಬಳ್ಳಿ ಕಟ್ಟಿ ಒಂದನ್ನು ತೂಗಿಸಿದರೆ ಇನ್ನೊಂದೂ ತೂಗುತ್ತದೆ, ಅದು ಸಹಜ. ಆದರೆ ಕೆಲವೊಮ್ಮೆ ತೂಗಿಸಿದ ಮರ ನಿಂತೇಹೋಗಿ ಪಕ್ಕದ್ದು ಜೋರಾಗಿ ತೂಗುತ್ತದೆ. ಅದು ಹೇಗೆ?

ಪೆರಿಯ_ಹಾಸ್ಟೆಲ್ · ಶನಿವಾರ ರಾತ್ರಿ 8:55

ಅಣ್ಣಾ, ಸ ಮತ್ತು ವ ಎರಡರ ಸಮೀಕರಣದಲ್ಲೇ ಅದರ ಉತ್ತರ ಇದೆ. ಸ್ಪ್ರಿಂಗಿನಲ್ಲೇ ಹೇಳುತ್ತೇನೆ, ಮರಕ್ಕೂ ತತ್ತ್ವ ಅದೇ.

ಗುಂಡು 0.5 ಕಿಲೋ, ಗೋಡೆ ಸ್ಪ್ರಿಂಗ್ ಮೀಟರಿಗೆ 20 ನ್ಯೂಟನ್, ನಡುವಿನದ್ದು ತೆಳು, ಮೀಟರಿಗೆ 2 ನ್ಯೂಟನ್. ಜೊತೆಯಾಟದ ಒಮೆಗಾ = √(20/0.5) = √40 = 6.32. ಎದುರಾಟದ್ದು √(24/0.5) = √48 = 6.93. ಸೆಕೆಂಡಿಗೆ ಎಷ್ಟು ಸಲ ಎಂದು ತಿರುಗಿಸಿದರೆ 1.007 ಮತ್ತು 1.103. ಹತ್ತಿರ ಹತ್ತಿರ, ಆದರೆ ಒಂದೇ ಅಲ್ಲ.

ಎಡಗುಂಡನ್ನು ಮಾತ್ರ 10 ಸೆಂ.ಮೀ. ಎಳೆದು, ಎರಡನ್ನೂ ನಿಂತಲ್ಲಿಂದ ಬಿಡಿ. ಅದು ಯಾವ ಮೋಡೂ ಅಲ್ಲ. ಎರಡೂ ಮೋಡುಗಳ ಸಮಪಾಲಿನ ಮಿಶ್ರಣ: ಜೊತೆಯಾಟದಲ್ಲಿ ಎಡ 5, ಬಲ 5, ಎದುರಾಟದಲ್ಲಿ ಎಡ 5, ಬಲ −5. ಕೂಡಿಸಿದರೆ ಎಡ 10, ಬಲ 0. ಈಗ ಎದುರಾಟದ್ದು ಸ್ವಲ್ಪ ಬೇಗ ಓಡುತ್ತದಲ್ಲ, 5.2 ಸೆಕೆಂಡು ಆಗುವಾಗ ಅದು ಅರ್ಧ ಸುತ್ತು ಮುಂದೆ ಹೋಗಿರುತ್ತದೆ. ಆಗ ಎಡಗುಂಡಿನಲ್ಲಿ ಐದಕ್ಕೆ ಐದು ಹೊಡೆದುಹೋಗಿ ಸೊನ್ನೆ, ಬಲಗುಂಡಿನಲ್ಲಿ ಐದೂ ಐದೂ ಸೇರಿ ಹತ್ತು. ಇನ್ನೊಂದು 5.2 ಸೆಕೆಂಡಿಗೆ ಎಲ್ಲಾ ಶಕ್ತಿ ಎಡಗುಂಡಿಗೆ ವಾಪಸು. ಕೊಟ್ಟು ತೆಗೆದುಕೊಳ್ಳುವ ಈ ಸುತ್ತು 10.4 ಸೆಕೆಂಡು, ಅಂದರೆ ಎರಡು ಆವೃತ್ತಿಗಳ ವ್ಯತ್ಯಾಸ 0.096ರಿಂದ 1ನ್ನು ಭಾಗಿಸಿದ್ದು.

ಎರಡು ಮರ ಒಂದೇ ರೀತಿ ಇಲ್ಲದಿದ್ದರೆ ಪೂರ್ತಿ ನಿಲ್ಲುವುದಿಲ್ಲ. "ಕೆಲವೊಮ್ಮೆ" ಎಂದು ನೀವು ಗಮನಿಸಿದ್ದು ಅದಕ್ಕೇ ಇರಬೇಕು.

ತಂಗಿ, ನಿನಗೆ ಇನ್ನೊಂದು ದಾರಿ ತೋರಿಸುತ್ತೇನೆ. ಚಿಹ್ನೆಯ ತಂಟೆಯೇ ಬೇಡ ಎನ್ನುವವರಿಗೆ ಲಗ್ರಾಂಜ್ 1788ರಲ್ಲಿ ಕೊಟ್ಟ ದಾರಿ. ಬಲ ಬಿಡು, ಶಕ್ತಿ ಬರೆ. ಅಕ್ಷರದ ಮೇಲೆ ಒಂದೇ ಗೀಟು ಇದ್ದರೆ ವೇಗ: ಎ′, ಬ′.

ಚಲನಶಕ್ತಿ = ½ರ·(ಎ′² + ಬ′²)
ಪ್ರಚ್ಛನ್ನಶಕ್ತಿ = ½ಕ·ಎ² + ½ಜ·(ಬ − ಎ)² + ½ಕ·ಬ²

ನಡುವಿನ ಪದ ವರ್ಗ. (ಬ − ಎ)² ಬರೆದರೂ (ಎ − ಬ)² ಬರೆದರೂ ಒಂದೇ. ಹೊಟ್ಟೆ ಯಾವ ಕಡೆಗೆ ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ. ಪ್ರಚ್ಛನ್ನಶಕ್ತಿಯನ್ನು ಎ ಬಗ್ಗೆ ಅವಕಲಿಸಿ ಮೈನಸ್ ಹಾಕಿದರೆ ಎಡಗುಂಡಿನ ಬಲ: −ಕ·ಎ + ಜ·(ಬ − ಎ). ಬ ಬಗ್ಗೆ ಅವಕಲಿಸಿದರೆ −ಜ·(ಬ − ಎ) − ಕ·ಬ. ಪ್ಲಸ್ಸು ಮೈನಸ್ಸು ಎರಡೂ ತಾವಾಗಿ ಬಂದವು. ಎರಡು ದಾರಿಯಲ್ಲೂ ಮಾಡಿ ಹೋಲಿಸಿದರೆ ತಪ್ಪು ಉಳಿಯಲು ಜಾಗವೇ ಇಲ್ಲ.

ಮುಳ್ಳೇರಿಯ_ಅಮ್ಮ · ಭಾನುವಾರ ಬೆಳಿಗ್ಗೆ 6:50

ನಾನು ಮೊದಲು ಗಣಿತ ಕಲಿಸುತ್ತಿದ್ದೆ, ಈಗ ಮನೆಯಲ್ಲಿ ಮೊಮ್ಮಗುವಿನೊಟ್ಟಿಗೆ. ಸ್ಪ್ರಿಂಗಿನ ತೊಟ್ಟಿಲು ಮಾಡಿಗೆ ನೇತುಹಾಕಿದ್ದೇವೆ. ನಿನ್ನೆ ನಿಮ್ಮ ಮಾತು ಓದಿದ ಮೇಲೆ ತೊಟ್ಟಿಲ ಕೆಳಗೆ ಇನ್ನೊಂದು ಅಂಥದೇ ಸ್ಪ್ರಿಂಗ್, ಅದರ ಕೆಳಗೆ ತೊಟ್ಟಿಲಷ್ಟೇ ಭಾರ ಕಟ್ಟಿದರೆ ಏನಾಗಬಹುದು ಎಂದು ಕಾಗದದ ಮೇಲೆ ಮಾತ್ರ ಮಾಡಿ ನೋಡಿದೆ. ಮಗು ಮಲಗಿತ್ತು.

ಕೆಳಗೆ ಗೋಡೆ ಇಲ್ಲ, ಎರಡೂ ಸ್ಪ್ರಿಂಗ್ ಕ. ಕೆಳದಿಕ್ಕು ಪ್ಲಸ್. ಎ ಮೇಲಿನದ್ದು, ಬ ಕೆಳಗಿನದ್ದು.

ರ·ಎ″ = −ಕ·ಎ + ಕ·(ಬ − ಎ)
ರ·ಬ″ = −ಕ·(ಬ − ಎ)

ಇಲ್ಲಿ ಸುಮ್ಮನೆ ಕೂಡಿಸಿ ಕಳೆದರೆ ಬಿಡಿಸಿಕೊಳ್ಳುವುದಿಲ್ಲ, ಎರಡು ಗುಂಡುಗಳ ಪರಿಸ್ಥಿತಿ ಬೇರೆ ಬೇರೆ. ಆದ್ದರಿಂದ ಎರಡೂ ಒಂದೇ ಒಮೆಗಾದಲ್ಲಿ ಆಡುತ್ತವೆ ಎಂದಿಟ್ಟುಕೊಂಡು ಎ″ ಜಾಗದಲ್ಲಿ −ಒಮೆಗಾ²·ಎ, ಬ″ ಜಾಗದಲ್ಲಿ −ಒಮೆಗಾ²·ಬ ಹಾಕಬೇಕು. ಒಮೆಗಾ²ವನ್ನು ಕ/ರ ಎಂಬ ಅಳತೆಯಲ್ಲಿ ಪ ಎಂದು ಕರೆದರೆ, ಮೊದಲ ಸಾಲಿನಿಂದ ಬ = (2 − ಪ)·ಎ, ಎರಡನೆಯದರಿಂದ ಎ = (1 − ಪ)·ಬ. ಎರಡನ್ನೂ ಗುಣಿಸಿದರೆ (2 − ಪ)(1 − ಪ) = 1, ಅಂದರೆ ಪ² − 3ಪ + 1 = 0.

ಪ = (3 ± √5)/2. ಅಂದರೆ 0.382 ಮತ್ತು 2.618. ವರ್ಗಮೂಲ ತೆಗೆದಾಗ ನನ್ನ ಮೈ ಜುಮ್ಮೆಂದಿತು: 0.618 ಮತ್ತು 1.618. ಸುವರ್ಣ ಅನುಪಾತ! ನಿಧಾನದ ಮೋಡಿನಲ್ಲಿ ಕೆಳಗಿನದ್ದು ಮೇಲಿನದಕ್ಕಿಂತ 1.618 ಪಾಲು ಹೆಚ್ಚು ಆಡುತ್ತದೆ, ಬೇಗದ್ದರಲ್ಲಿ 0.618 ಪಾಲು ವಿರುದ್ಧ ದಿಕ್ಕಿನಲ್ಲಿ. ಎರಡು ಸ್ಪ್ರಿಂಗು, ಎರಡು ಸಮಭಾರ, ಇಷ್ಟೇ ಕಟ್ಟಿದ್ದು.

ನೀರ್ಚಾಲು_ನೋಟ್‌ಬುಕ್ · ಭಾನುವಾರ ಸಂಜೆ 5:30

ಟೀಚರ್, ನಾನೂ ಮಾಡಿದೆ, ಅದೇ ಬಂತು. ಡಿಟರ್ಮಿನೆಂಟ್ ಎಂದು ಬೋರ್ಡಿನಲ್ಲಿ ಬರೆದದ್ದು ಇದನ್ನೇ ಎಂದು ಈಗ ಗೊತ್ತಾಯಿತು.

ಇವತ್ತು ಅಂಗಳದಲ್ಲಿ ಒಂದು ಪ್ರಯೋಗ ಮಾಡಿದೆ. ಸ್ಪ್ರಿಂಗ್ ಸಿಗಲಿಲ್ಲ. 3 ಮೀಟರ್ ದೂರದ ಎರಡು ಕಂಬಕ್ಕೆ ಬಟ್ಟೆ ಒಣಗಿಸುವ ಬಳ್ಳಿಯನ್ನು ಸ್ವಲ್ಪ ಸಡಿಲವಾಗಿ ಕಟ್ಟಿ, ಅದರಿಂದ ಎರಡು ಕಾಯಿ ನೇತುಹಾಕಿದೆ. ಗಂಟುಗಳ ನಡುವೆ 1 ಮೀಟರ್. ಗಂಟಿನಿಂದ ಕಾಯಿಯ ನಡುವಿಗೆ 1 ಮೀಟರ್. ಕಾಯಿ ತೂಗಿದಾಗ ಬಳ್ಳಿಯ ಗಂಟು ಕಂಬದ ಗಂಟಿಗಿಂತ 20 ಸೆಂ.ಮೀ. ಕೆಳಗೆ ಬಂತು.

ಮೊದಲ ಸಲ ಒಂದು ಬೊಂಡ, ಒಂದು ಒಣಕಾಯಿ ಕಟ್ಟಿದ್ದೆ. ಬೊಂಡವನ್ನು ತಳ್ಳಿದರೆ ಒಣಕಾಯಿ ಆಡಿತು, ಆದರೆ ಬೊಂಡ ಯಾವಾಗಲೂ ಪೂರ್ತಿ ನಿಲ್ಲಲಿಲ್ಲ. ಪೆರಿಯದ ಅಕ್ಕ ಮರದ ಬಗ್ಗೆ ಹೇಳಿದ್ದು ನೆನಪಾಯಿತು. ಅಪ್ಪ ತಕ್ಕಡಿಯಲ್ಲಿ ತೂಗಿ ಒಂದೇ ಭಾರದ ಎರಡು ಸುಲಿಯದ ಕಾಯಿ ಆರಿಸಿ ಕೊಟ್ಟರು.

ಬಳ್ಳಿಗೆ ಅಡ್ಡವಾಗಿ, ಎರಡನ್ನೂ ಜೊತೆಯಲ್ಲಿ ತೂಗಿಸಿದಾಗ 20 ತೂಗಾಟಕ್ಕೆ 44.0 ಸೆಕೆಂಡು. ಎದುರುಬದುರು ತೂಗಿಸಿದಾಗ 20 ತೂಗಾಟಕ್ಕೆ 41.5 ಸೆಕೆಂಡು. ಎದುರಾಟ ಬೇಗ, ಸ್ಪ್ರಿಂಗಿನಲ್ಲಿ ಇದ್ದ ಹಾಗೆಯೇ! ಆವೃತ್ತಿ 20/44.0 = 0.4545, 20/41.5 = 0.4819. ವ್ಯತ್ಯಾಸ 0.0274. ಅಂದರೆ 36.5 ಸೆಕೆಂಡಿಗೆ ಶಕ್ತಿ ಒಂದು ಸುತ್ತು ಹೋಗಿ ಬರಬೇಕು. ಇದನ್ನು ಮೊದಲು ಪುಸ್ತಕದಲ್ಲಿ ಬರೆದಿಟ್ಟು ಆಮೇಲೆ ಒಂದು ಕಾಯಿಯನ್ನು ಮಾತ್ರ ತಳ್ಳಿದೆ. ಹದಿನೆಂಟು ಸೆಕೆಂಡು ಆಗುವಾಗ ತಳ್ಳಿದ ಕಾಯಿ ಸುಮ್ಮನೆ ನಿಂತಿತು, ನಾನು ಮುಟ್ಟದ ಕಾಯಿ ಪೂರ್ತಿ ತೂಗುತ್ತಿತ್ತು. ವಾಪಸು ಬಂದದ್ದು 37 ಸೆಕೆಂಡಿಗೆ. ಅಮ್ಮ ಬಟ್ಟೆ ಹಿಡಿದುಕೊಂಡು ಬಂದವರು ಹಾಗೆಯೇ ನಿಂತು ಮೂರು ಸುತ್ತು ನೋಡಿದರು.

ಮಧೂರು_ಮಾಷ್ಟ್ರು · ಭಾನುವಾರ ಸಂಜೆ 7:10

ಭೇಷ್ ಮಗಳೇ. ಮೊದಲು ಲೆಕ್ಕ ಬರೆದಿಟ್ಟು ಆಮೇಲೆ ತಳ್ಳಿದೆಯಲ್ಲ, ಅದು ನನಗೆ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟಿತು.

ನಿನ್ನ ಅಂಕಿಗಳು ಎಲ್ಲಿಂದ ಬಂದವು ಎಂದೂ ನೋಡೋಣ. ಜೊತೆಯಾಟದಲ್ಲಿ ಬಳ್ಳಿ ಸಮೇತ ಇಡೀ ಕಟ್ಟು ಎರಡು ಕಂಬದ ಗಂಟುಗಳನ್ನು ಜೋಡಿಸುವ ಗೆರೆಯ ಸುತ್ತ ತೂಗುತ್ತದೆ. ಲೋಲಕದ ಉದ್ದ 1 + 0.2 = 1.2 ಮೀಟರ್, ಅವಧಿ 2.20 ಸೆಕೆಂಡು. ಎದುರಾಟದಲ್ಲಿ ಬಳ್ಳಿಯ ಸರಿಮಧ್ಯ ಅಲುಗುವುದಿಲ್ಲ, ಉಪ್ಪಳದವರ ಮೊಳೆ ಇಲ್ಲಿಯೂ ಇದೆ. ಆಗ ಪ್ರತಿ ಕಾಯಿ ತೂಗುವುದು ತನ್ನ ಕಂಬದಿಂದ ಆ ಮಧ್ಯಬಿಂದುವಿಗೆ ಎಳೆದ ಗೆರೆಯ ಸುತ್ತ. ಆ ಗೆರೆಗೂ ಗಂಟಿಗೂ ನಡುವೆ ಸುಮಾರು 6.7 ಸೆಂ.ಮೀ. ಉದ್ದ 1.067 ಮೀಟರ್, ಅವಧಿ 2.07 ಸೆಕೆಂಡು. ನೀನು ಅಳೆದದ್ದು 2.20 ಮತ್ತು 2.075.

ಹೈಗನ್ಸ್ 1665ರಲ್ಲಿ ಕಾಯಿಲೆ ಬಿದ್ದು ಮಲಗಿದ್ದಾಗ, ಒಂದೇ ಆಸರೆಗೆ ನೇತುಹಾಕಿದ ಎರಡು ಲೋಲಕ ಗಡಿಯಾರಗಳು ಸ್ವಲ್ಪ ಹೊತ್ತಿನಲ್ಲೇ ಎದುರುಬದುರು ತಾಳ ಹಿಡಿಯುವುದನ್ನು ಕಂಡ. ಅಲ್ಲಿ ಗಡಿಯಾರದ ಯಂತ್ರ ಶಕ್ತಿ ತುಂಬುತ್ತಿರುವುದರಿಂದ ಕಥೆ ಇನ್ನೂ ಮುಂದಕ್ಕೆ ಹೋಗುತ್ತದೆ. ಆದರೆ ಜೋಡಣೆ ಇದ್ದದ್ದು ನಿನ್ನ ಬಳ್ಳಿಯ ಹಾಗೆಯೇ, ಆಸರೆಯ ಕಣ್ಣಿಗೆ ಕಾಣದ ಅಲುಗಾಟದಲ್ಲಿ.

ಪೆರಿಯ_ಹಾಸ್ಟೆಲ್ · ಭಾನುವಾರ ರಾತ್ರಿ 9:40

ನಾನು ಇದನ್ನು ಓದುವುದು ಅಣುಗಳಿಗಾಗಿ, ಅದನ್ನೂ ಹೇಳಿಬಿಡುತ್ತೇನೆ. ಕಾರ್ಬನ್ ಡೈಆಕ್ಸೈಡ್ ಅಂದರೆ ಸಾಲಾಗಿ ಆಕ್ಸಿಜನ್, ಕಾರ್ಬನ್, ಆಕ್ಸಿಜನ್. ನಡುವೆ ಎರಡು ಸ್ಪ್ರಿಂಗ್, ಗೋಡೆ ಇಲ್ಲ. ಎರಡು ಆಕ್ಸಿಜನ್ ಎದುರುಬದುರು ಆಡಿದರೆ ಕಾರ್ಬನ್ ನಿಂತಲ್ಲೇ ಇರುತ್ತದೆ, ಒಮೆಗಾ² = ಕ/16 (ಆಕ್ಸಿಜನ್ನಿನ ರಾಶಿ 16, ಕಾರ್ಬನ್ನಿನದು 12). ಎರಡೂ ಒಂದೇ ದಿಕ್ಕಿಗೆ ಹೋಗಿ ಕಾರ್ಬನ್ ವಿರುದ್ಧ ಹೋದರೆ ಒಮೆಗಾ² = ಕ·(1/16 + 2/12). ಎರಡರ ಅನುಪಾತ √(1 + 32/12), ಸುಮಾರು 1.91. ಪ್ರಯೋಗದಲ್ಲಿ ಸಿಗುವುದು ಸೆಂಟಿಮೀಟರಿಗೆ 1388 ಮತ್ತು 2349 ಅಲೆಗಳು, ಅನುಪಾತ 1.69. ಸ್ಪ್ರಿಂಗ್ ಮಾದರಿ ಇಷ್ಟು ಹತ್ತಿರ ಬರುವುದೇ ನನಗೆ ಅಚ್ಚರಿ. ಉಳಿದ ಅಂತರಕ್ಕೆ ಮುಖ್ಯ ಕಾರಣ, ನಿಜವಾದ ಅಣುವಿನಲ್ಲಿ ಒಂದು ಬಂಧ ಹಿಗ್ಗಿದರೆ ಇನ್ನೊಂದಕ್ಕೂ ಅದರ ಬಿಸಿ ತಟ್ಟುತ್ತದೆ. ನಮ್ಮ ಎರಡು ಸ್ಪ್ರಿಂಗುಗಳಿಗೆ ಹಾಗಿಲ್ಲ.

ಎರಡನೆಯ ಮೋಡ್ ಅತಿಕೆಂಪು ಕಿರಣವನ್ನು ಹೀರುತ್ತದೆ. ಮೊದಲನೆಯದು ಹೀರುವುದಿಲ್ಲ, ಅದನ್ನು ಕಾಣಲು 1928ರ ಫೆಬ್ರವರಿ 28ರಂದು ಸಿ.ವಿ. ರಾಮನ್ ಕಂಡ ಪರಿಣಾಮ ಬೇಕು, ಅಂದರೆ ಅಣುವಿಗೆ ಬಡಿದು ಚದುರಿದ ಬೆಳಕಿನ ಬಣ್ಣ ಸ್ವಲ್ಪ ಬದಲಾಗುವುದು.

ನೀರ್ಚಾಲು_ನೋಟ್‌ಬುಕ್ · ಸೋಮವಾರ ಬೆಳಿಗ್ಗೆ 6:20

ಅಕ್ಕಾ, ನಿಂತಲ್ಲೇ ಇರುವ ಕಾರ್ಬನ್ ಓದಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಬಳ್ಳಿಗೆ ಮೂರನೆಯ ಕಾಯಿ ಕಟ್ಟಿದೆ, ಸಮದೂರದಲ್ಲಿ. ಕಾಗದದಲ್ಲಿ ಮೂರು ಗುಂಡು, ನಾಲ್ಕು ಸ್ಪ್ರಿಂಗ್, ಎಲ್ಲವೂ ಕ, ನಡುವಿನ ಗುಂಡು ನ. ಯಾವ ಪುಸ್ತಕವನ್ನೂ ನೋಡದೆ ಬರೆದದ್ದು:

ರ·ಎ″ = −ಕ·ಎ + ಕ·(ನ − ಎ)
ರ·ನ″ = −ಕ·(ನ − ಎ) + ಕ·(ಬ − ನ)
ರ·ಬ″ = −ಕ·(ಬ − ನ) − ಕ·ಬ

ಬ = −ಎ, ನ = 0 ಹಾಕಿದರೆ ಎರಡನೆಯ ಸಾಲು ಸೊನ್ನೆ ಆಗ್ತದೆ, ಮೊದಲನೆಯದು ರ·ಎ″ = −2ಕ·ಎ. ಹಾಗಾದರೆ ನಡುವಿನದ್ದು ಅಲುಗದ ಒಂದು ಮೋಡ್ ಇರಲೇಬೇಕು ಎಂದು ಬರೆದಿಟ್ಟು ಅಂಗಳಕ್ಕೆ ಹೋದೆ. ಎರಡು ಕೊನೆಯ ಕಾಯಿಗಳನ್ನು ಎದುರುಬದುರು ಎಳೆದು ಒಟ್ಟಿಗೆ ಬಿಟ್ಟೆ. ನಡುವಿನ ಕಾಯಿಯ ಮೇಲೆ ಒಂದು ಕಾಗೆ ಬಂದು ಕೂತಿತ್ತು. ಎರಡೂ ಬದಿಯ ಕಾಯಿಗಳು ತೂಗುತ್ತಲೇ ಇದ್ದವು, ಅದು ಹಾರಲಿಲ್ಲ.